ಗಾಡಿಯ ಹೊಟ್ಟೆಗೆ ಹುಣಸೆಹಣ್ಣು

“ಅಜ್ಜೀ, ಇನ್ನೊಂದ್ ಉಂಡಿ ಕೊಡು. ಇದು ಕರಗಿ ಹೋತು.”

ಮಾತು ಬಂದದ್ದು ಗಾಡಿಯ ಕೆಳಗಿನಿಂದ. ಮಾತಾಡಿದವಳ ಮುಖ ಕಾಣುತ್ತಿರಲಿಲ್ಲ. ಹಿಂದಿನ ಎರಡು ಗಾಲಿಗಳ ನಡುವೆ ಎರಡು ಕಾಲು ಮಾತ್ರ ಚಾಚಿಕೊಂಡಿದ್ದವು. ಒಂದಕ್ಕೆ ಚಪ್ಪಲಿ ಇತ್ತು, ಇನ್ನೊಂದರದು ಎಲ್ಲಿಗೋ ಹೋಗಿತ್ತು. ಆ ಕಾಲುಗಳ ಒಡತಿ ಸಂಗೀತಾ, ಇಟ್ಟಿಗಿ ಶಾಲೆಯ ಆರನೇ ಕ್ಲಾಸಿನವಳು.

ಬೇವಿನ ಮರದ ನೆರಳಲ್ಲಿ ಕುಳಿತಿದ್ದ ಅಜ್ಜಿ ಗಾದೆಮ್ಮ ಗಡಿಗೆಗೆ ಕೈ ಹಾಕಿ ಹುಣಸೆಹಣ್ಣು ತೆಗೆದಳು. ಅದನ್ನು ಕಲ್ಲುಪ್ಪಿನಲ್ಲಿ ಹೊರಳಿಸಿ, ಉಂಡೆ ಕಟ್ಟಿ, ಗಾಡಿಯ ಕೆಳಗಿನಿಂದ ಚಾಚಿದ್ದ ಕೈಗೆ ಇಟ್ಟಳು.

“ತಗೋ, ಒತ್ತಿ ತಿಕ್ಕು. ನಿಮ್ಮಜ್ಜನ ಕಾಲದ ದೀಪದ ಕಂಬ ಇವತ್ತಿಗೂ ಫಳಫಳ ಅಂತೈತಿ ಅಂದ್ರ ಪುಕ್ಕಟ್ಟೆ ಅಂತೈತೇನು?”

“ಅದು ಹಿತ್ತಾಳಿ ಅಜ್ಜಿ, ಇದು ಕಬ್ಬಿಣ.”

“ಹಿತ್ತಾಳಿ ಆದ್ರೇನು, ಕಬ್ಬಿಣ ಆದ್ರೇನು? ಕೊಳಿ ಅಂದ್ರ ಕೊಳಿ. ಹುಳಿ ಬಿದ್ರ ಯಾವ ಕೊಳಿನೂ ನಿಲ್ಲಂಗಿಲ್ಲ.”

ಗಾಡಿ ಸಂಗೀತಾಳ ಅಪ್ಪ ಓಬಳೇಶನದು. ಓಬಳೇಶನ ಲಗೇಜ್ ಗಾಡಿ ಎಂದರೆ ಸುತ್ತ ಹತ್ತು ಹಳ್ಳಿಗೆ ಗೊತ್ತು. ಮುಂದಿನ ಗಾಜಿನ ಮೇಲೆ ಎರಡು ದೊಡ್ಡ ಕಣ್ಣು ಬರೆಸಿದ್ದ. ಕನ್ನಡಿಗೆ ಜರಿ ಗೊಂಡೆ, ಬಂಪರಿಗೆ ನಿಂಬೆಹಣ್ಣು, ಹಾರನ್ನಿಗೆ ಮೂರು ತರದ ರಾಗ. ಅಮಾವಾಸ್ಯೆ ಬಂದರೆ ಗಾಡಿಗೆ ತಲೆಸ್ನಾನ, ವಿಭೂತಿ, ತೆಂಗಿನಕಾಯಿ. ಓಬಳೇಶ ತಾನು ಎಣ್ಣೆ ಹಚ್ಚಿಕೊಂಡು ಮೀಯುವುದು ವರ್ಷಕ್ಕೊಂದು ಸಲವೋ ಎರಡು ಸಲವೋ, ಗಾಡಿಗೆ ಮಾತ್ರ ತಿಂಗಳಿಗೊಂದು ಹಬ್ಬ.

ಆದರೆ ಆ ಹಬ್ಬವೆಲ್ಲ ಮೇಲ್ಗಡೆಗೆ. ಕೆಳಗೆ ಬಗ್ಗಿ ನೋಡು ಎಂದರೆ ಓಬಳೇಶ ನಗುತ್ತಿದ್ದ. “ಕೆಳಗ ಯಾರ್ ನೋಡ್ತಾರ? ನಾಯಿ ನೋಡ್ತಾವ, ಕೋಳಿ ನೋಡ್ತಾವ. ಅವು ಬಾಡಿಗಿ ಕೊಡ್ತಾವೇನು?”

ಗಾಡಿಯ ಕೆಲಸವೋ, ಸಂತೆಗೆ ಕುರಿ ಸಾಗಿಸುವುದು. ಗಾಡಿ ಹತ್ತಿದ ಕುರಿಗಳು ಇಳಿಯುವ ತನಕ ತಡೆದುಕೊಳ್ಳಬೇಕೆಂಬ ಕಾನೂನು ಎಲ್ಲೂ ಇಲ್ಲ. ಅವು ಹೊಯ್ದದ್ದು ಹಲಗೆಯ ಸಂದಿನಲ್ಲಿ ಇಳಿದು ಕೆಳಗಿನ ಕಬ್ಬಿಣದ ಮೇಲೆ ಬೀಳುತ್ತಿತ್ತು. ಏಳು ವರ್ಷದಿಂದ ಬೀಳುತ್ತಲೇ ಇತ್ತು.

ಗುರುವಾರ ಮೆಕ್ಯಾನಿಕ್ ಜಂಬುನಾಥ ಗಾಡಿಯ ಕೆಳಗೆ ಮಲಗಿ ನೋಡಿ ಹೊರಗೆ ಬಂದಾಗ ಅವನ ತಲೆಯ ಮೇಲೆಲ್ಲ ಕಂದು ತುಕ್ಕಿನ ಪುಡಿ.

“ಓಬಳೇಶಣ್ಣ, ಮುಖಕ್ಕ ಸ್ನೋ ಪೌಡರ್ ಹಚ್ಚೀಯ, ಹೊಟ್ಟಿಗೆ ಗಜಕರ್ಣ ಆಗೈತಿ ನೋಡು. ಸೋಮವಾರ ಎಫ್‌ಸಿ ಅಂತೀಯ. ಹಿಂಗ ಒಯ್ದ್ರ ವಾಪಸ್ ಕಳಸ್ತಾರ.”

ಎಫ್‌ಸಿ ಎಂದರೆ ಗಾಡಿಯ ಆರೋಗ್ಯ ಪರೀಕ್ಷೆ. ಗಾಡಿಯನ್ನು ಹೊಸಪೇಟೆಗೆ ಒಯ್ದು ತೋರಿಸಬೇಕು, ಗಟ್ಟಿಮುಟ್ಟಾಗಿದೆ ಎಂದು ಅವರು ಕಾಗದ ಕೊಡಬೇಕು. ಕಾಗದ ಇಲ್ಲದಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ.

“ಹೆದರಬ್ಯಾಡ,” ಎಂದಿದ್ದ ಜಂಬುನಾಥ. “ಇನ್ನೂ ತೊಗಲಿನ ಮ್ಯಾಲೈತಿ, ಎಲುಬಿಗೆ ಇಳಿದಿಲ್ಲ. ವೈರ್ ಬ್ರಷ್‌ನಿಂದ ತಿಕ್ಕು, ಎಮರಿ ಪೇಪರ್ ಹೊಡಿ, ಒಣ ಬಟ್ಟಿಲೆ ಒರಸು. ಕಬ್ಬಿಣ ಬೆಳ್ಳಗ ಆದ ಕೂಡ್ಲೇ ರೆಡ್ ಆಕ್ಸೈಡ್ ಅಂತ ಕೆಂಪು ಬಣ್ಣ ಹಚ್ಚು. ಅದು ಒಣಗಿದ ಮ್ಯಾಲೆ ಕರೇ ಪೇಂಟ್. ಸುಮ್ನೆ ನೀರು ಹೊಡದು ಬಿಟ್ಟೀಯ ಮತ್ತ!”

ಓಬಳೇಶ ಬ್ರಷ್, ಪೇಪರ್, ಬಣ್ಣದ ಡಬ್ಬಿ ಎಲ್ಲ ತಂದ. ತಂದು ಚೀಲ ಸಮೇತ ಗೂಟಕ್ಕೆ ನೇತುಹಾಕಿದ. ಶುಕ್ರವಾರ ಯರ್ರೆಪ್ಪನ ಕುರಿ ಸಾಗಿಸಿದ. ಶನಿವಾರ ಬೆಳಿಗ್ಗೆ, ತಂಬ್ರಹಳ್ಳಿಯ ತವರಿಗೆ ಹೋಗಿದ್ದ ಹೆಂಡತಿಯನ್ನು ಮಾತಾಡಿಸಿ ಬರುತ್ತೇನೆಂದು ಬೈಕ್ ಹತ್ತಿದ. “ತುಕ್ಕು ಎಲ್ಲಿ ಓಡಿ ಹೋಗ್ತೈತಿ? ಐತವಾರ ನೋಡಾಣು,” ಎಂದ.

ಅಪ್ಪ ಹೋದದ್ದೇ ತಡ, ಸಂಗೀತಾಳಿಗೆ ಒಂದು ಸರ್ಪ್ರೈಸ್ ಹೊಳೆಯಿತು. ತುಕ್ಕಿನ ವಿಷಯದಲ್ಲಿ ಆ ಮನೆಯಲ್ಲಿ ಅವಳಿಗಿಂತ ದೊಡ್ಡ ಪಂಡಿತರು ಇರಲಿಲ್ಲ. ಹೋದ ತಿಂಗಳ ವಿಜ್ಞಾನದ ಟೆಸ್ಟಿನಲ್ಲಿ ತುಕ್ಕಿನ ಪಾಠಕ್ಕೆ ಅವಳಿಗೆ ಹತ್ತಕ್ಕೆ ಹತ್ತು. ‘ಕಬ್ಬಿಣವು ಗಾಳಿ ಮತ್ತು ನೀರಿನ ಸಂಪರ್ಕಕ್ಕೆ ಬಂದಾಗ ತುಕ್ಕು ಹಿಡಿಯುತ್ತದೆ. ಉಪ್ಪು ಇದ್ದರೆ ಬೇಗ ಹಿಡಿಯುತ್ತದೆ.’ ನಾಗಲಿಂಗಮ್ಮ ಟೀಚರ್ ಆ ಉತ್ತರದ ಪಕ್ಕ ಸ್ಟಾರ್ ಹಾಕಿದ್ದರು. ಸ್ಟಾರ್ ಬಂದ ಹಾಳೆ ಈಗಲೂ ಗೋಡೆಯ ಮೇಲಿತ್ತು.

ಮೊದಲು ಅವಳು ವೈರ್ ಬ್ರಷ್ಷಿನಿಂದಲೇ ಶುರು ಮಾಡಿದಳು. ಕರಕರ ಸದ್ದಿಗೆ ಹಲ್ಲು ಜುಮ್ಮೆಂದವು. ಕಣ್ಣಿಗೆ ಪುಡಿ ಬಿತ್ತು. ಕಾಲು ಗಂಟೆ ತಿಕ್ಕಿದರೆ ಅಂಗೈಯಷ್ಟು ಜಾಗ ಬೆಳ್ಳಗಾಯಿತು, ಅಷ್ಟೇ. ಆಗಲೇ ಗಾದೆಮ್ಮ ಅಡುಗೆಮನೆಯಿಂದ ಗಡಿಗೆ ಹೊತ್ತು ತಂದದ್ದು. ಅದು ಹೊಸ ಹುಣಸೆಹಣ್ಣು, ಬೀಜ ತೆಗೆದು ವರ್ಷದ ಸಾರಿಗೆಂದು ತುಂಬಿಟ್ಟದ್ದು.

ಹುಣಸೆಹಣ್ಣು ಕೆಲಸ ಮಾಡಿತೇ ಎಂದರೆ, ಹೌದು, ಮಾಡಿತು. ನಾಲ್ಕು ಗಂಟೆಯ ಹೊತ್ತಿಗೆ ಗಾಡಿಯ ಹೊಟ್ಟೆ ಅರ್ಧ ಬೆಳ್ಳಿಯ ಹಾಗೆ ಮಿಂಚುತ್ತಿತ್ತು. ಗಾದೆಮ್ಮ ಮಂಡಿ ಊರಿ ಬಗ್ಗಿ ನೋಡಿ, “ಮೆಕ್ಯಾನಿಕ್ ಅಂತ, ಮೆಕ್ಯಾನಿಕ್!” ಎಂದಳು. ಆಮೇಲೆ ಒಂದು ತಂಬಿಗೆ ನೀರು ಚೆಲ್ಲಿ ಹುಳಿ ತೊಳೆದರು.

“ಅಜ್ಜಿ, ಒಣ ಬಟ್ಟಿಲೆ ಒರಸಬೇಕಂತ.”

“ಬಿಸಿಲೈತಿ, ಗಾಳಿ ಐತಿ. ತಾನ ಒಣಗ್ತೈತಿ ಬಿಡು.”

“ಆಮ್ಯಾಲೆ ಕೆಂಪು ಬಣ್ಣ?”

ಬಣ್ಣದ ಡಬ್ಬಿಯನ್ನು ಸಂಗೀತಾ ಕೈಗೆತ್ತಿಕೊಂಡಿದ್ದಳು. ಆದರೆ ಈ ಹೊಳಪನ್ನು ಅಪ್ಪ ನೋಡುವ ಮೊದಲೇ ಬಣ್ಣದಲ್ಲಿ ಮುಚ್ಚಿಬಿಟ್ಟರೆ, ತಾನು ಇಷ್ಟು ಕಷ್ಟಪಟ್ಟದ್ದು ಯಾರಿಗೆ ಗೊತ್ತಾಗಬೇಕು? ಅವಳು ಡಬ್ಬಿಯನ್ನು ಮತ್ತೆ ಗೂಟಕ್ಕೆ ಹಾಕಿದಳು. ಅಪ್ಪ ಊಟದ ಹೊತ್ತಿಗೆ ಬಂದ, ಉಂಡ, ಹಾಗೇ ಗೊರಕೆ ಹೊಡೆದ. ಸರ್ಪ್ರೈಸ್ ಬೆಳಗಿಗೆ ಉಳಿಯಿತು.

ಬೆಳಗಾಗುವುದನ್ನೇ ಕಾದಿದ್ದವನಂತೆ ಅಪ್ಪ ಕೂಗಿದ್ದು ಕೇಳಿ ಸಂಗೀತಾ ಎದ್ದು ಓಡಿದಳು.

“ಏಯ್! ಏನಾತಿದು? ಯಾರಾದ್ರೂ ಬರ್ರಿ ಇಲ್ಲಿ!”

ಅಂಗಳದಲ್ಲಿ ಓಬಳೇಶ ಮೊಣಕಾಲೂರಿ ಗಾಡಿಯ ಕೆಳಗೆ ನೋಡುತ್ತಿದ್ದ. ಸಂಗೀತಾಳೂ ಬಗ್ಗಿದಳು.

ಬೆಳ್ಳಿ ಹೋಗಿತ್ತು. ಅವಳು ಎಲ್ಲೆಲ್ಲಿ ಹುಣಸೆಹಣ್ಣು ಹಚ್ಚಿದ್ದಳೋ ಅಲ್ಲೆಲ್ಲ ಕಿತ್ತಳೆ ಬಣ್ಣದ ಹೊಸ ತುಕ್ಕು ಎದ್ದಿತ್ತು. ಹುಣಸೆಹಣ್ಣು ಮುಟ್ಟದ ಕಡೆ ಹಳೇ ಕಂದು ತುಕ್ಕು ತನ್ನ ಪಾಡಿಗೆ ತಾನು ಇತ್ತು. ಮೊದಲು ಒಣ ಬ್ರಷ್ಷಿನಿಂದ ತಿಕ್ಕಿದ್ದ ಅಂಗೈಯಷ್ಟು ಜಾಗ ಮೂಲೆಯಲ್ಲಿ ಹುಳಿ ತಾಗದೆ ಉಳಿದಿತ್ತು. ಅದು ಮಾತ್ರ ಬೆಳ್ಳಗೇ ಇತ್ತು.

ಗಾಳಿ, ನೀರು, ಉಪ್ಪು. ಮೂರನ್ನೂ ಅವಳು ತನ್ನ ಕೈಯಾರೆ ಕೊಟ್ಟಿದ್ದಳು. ಮೇಲೆ ಹುಳಿ ಬೇರೆ. ಹತ್ತಕ್ಕೆ ಹತ್ತು ಬಂದ ಉತ್ತರ ಗೋಡೆಯ ಮೇಲಿತ್ತು, ಅವಳು ಗಾಡಿಯ ಕೆಳಗಿದ್ದಳು.

“ಗೊತ್ತಾತು!” ಓಬಳೇಶ ಎದ್ದು ನಿಂತ. “ಯರ್ರೆಪ್ಪನ ಕುರಿ! ಶುಕ್ರವಾರ ಇಪ್ಪತ್ತೆರಡು ಕುರಿ ಹತ್ತಿಸಿದ್ನಲ್ಲ, ಅವೇ ಹೊಯ್ದಾವ.”

“ಅಪ್ಪಾ...”

ಸಂಗೀತಾಳ ತೋಳಿಗೆ ಹಿಂದಿನಿಂದ ಯಾರೋ ಚಿವುಟಿದರು. ತಿರುಗಿ ನೋಡಿದರೆ ಗಾದೆಮ್ಮ. ಸುಳ್ಳು ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆ ಎಂದು ಮೊಮ್ಮಗಳಿಗೆ ವಾರಕ್ಕೆರಡು ಸಲ ಹೇಳುವ ಗಾದೆಮ್ಮ. ಈಗ ಅವಳು ಬೇವಿನ ಮರದಲ್ಲಿ ಅಪರೂಪದ ಹಕ್ಕಿ ಕುಳಿತಿದೆಯೇನೋ ಎಂಬಂತೆ ಮೇಲೆ ನೋಡುತ್ತಿದ್ದಳು. ಅಜ್ಜಿ ಸುಳ್ಳನ್ನೇನೂ ಹೇಳಲಿಲ್ಲ. ಏನನ್ನೂ ಹೇಳಲಿಲ್ಲ.

ಓಬಳೇಶ ಆಗಲೇ ಫೋನ್ ಹಚ್ಚಿದ್ದ. “ಏ ಯರ್ರೆಪ್ಪಾ, ನಿನ್ ಕುರಿ ಹೊಯ್ಯೋದು ಉಚ್ಚಿ ಅಲ್ಲಪಾ, ಆ್ಯಸಿಡ್! ನನ್ನ ಗಾಡಿ ತಿಂದು ನೀರು ಕುಡದಾವ. ನಾಳೆ ನನ್ನ ಎಫ್‌ಸಿ ಹೋತು ಅಂದ್ರ ಯಾರು ಜವಾಬ್ದಾರಿ? ಇನ್ನ ನಿನ್ ಕುರಿ ನನ್ನ ಗಾಡಿ ಹತ್ತಂಗಿಲ್ಲ. ಮಂಗಳವಾರ ಸಂತಿಗೆ ಬ್ಯಾರೆ ಗಾಡಿ ನೋಡ್ಕೊ ನೀನು.”

ಯರ್ರೆಪ್ಪನ ಹಟ್ಟಿ ಊರಾಚೆ ಇತ್ತು. ಅಲ್ಲಿಯ ಕಲ್ಲು ರಸ್ತೆಗೆ ಬರುವ ಗಾಡಿ ಎರಡೇ, ಓಬಳೇಶನದೊಂದು, ಹುಲುಗೇಶನದೊಂದು. ಗಾಡಿ ಇಲ್ಲದಿದ್ದರೆ ಕುರಿಗಳನ್ನು ಹರಪನಹಳ್ಳಿ ಸಂತೆಗೆ ನಡೆಸಿಕೊಂಡೇ ಹೋಗಬೇಕು. ಮಾರ್ಚ್ ಬಿಸಿಲಿನಲ್ಲಿ ನಡೆದ ಕುರಿ ಸಂತೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ, ಸಂತೆಯೂ ಮುಗಿದಿರುತ್ತದೆ. ಇದೆಲ್ಲ ಸಂಗೀತಾಳಿಗೆ ಹೇಗೆ ಗೊತ್ತೆಂದರೆ, ಯರ್ರೆಪ್ಪನ ಮಗಳು ಶಿವಲೀಲಾ ಶಾಲೆಯಲ್ಲಿ ಅವಳ ಬೆಂಚಿನಲ್ಲೇ ಕೂರುತ್ತಿದ್ದಳು. ಇಬ್ಬರದೂ ಒಂದೇ ಬೆಂಚು, ಒಂದೇ ಡಬ್ಬಿ, ಒಂದೇ ರಬ್ಬರು.

ಊರಿನ ಮಾತಿಗೆ ಬ್ರೇಕ್ ಇರುವುದಿಲ್ಲ. ಹತ್ತು ಗಂಟೆಗೆಲ್ಲ ಹುಲುಗೇಶ ಬೈಕಿನಲ್ಲಿ ಬಂದು ಇಳಿದ. ಗಾಡಿಯ ಕೆಳಗೆ ಬಗ್ಗಿ ನೋಡಿ ತುಟಿ ಲೊಚಗುಟ್ಟಿದ.

“ಅಯ್ಯಯ್ಯ! ಯಾವ ಸೊಪ್ಪು ತಿನ್ನಿಸ್ತಾನೋ ಏನೋ ಆ ಯರ್ರೆಪ್ಪ. ಪುಣ್ಯಕ್ಕ ನಾ ಹತ್ತಿಸಿಕೊಂಡಿದ್ದಿಲ್ಲ. ಇನ್ನೂ ಹತ್ತಿಸಂಗಿಲ್ಲ ಬಿಡು.”

ಎರಡೇ ಗಾಡಿ ಇದ್ದವು. ಈಗ ಎರಡೂ ಇಲ್ಲವಾದವು.

ಹುಲುಗೇಶ ಹೋದ ಮೇಲೆ ಓಬಳೇಶ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿದ. ಬ್ರಷ್ ಕೊಡಲು ಸಂಗೀತಾಳೂ ಪಕ್ಕದಲ್ಲಿ ಮಲಗಿದಳು. ಹೇಗಾದರೂ ಅಪ್ಪನಿಗೆ ತಾನಾಗಿಯೇ ಗೊತ್ತಾಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಗೊತ್ತಾದರೆ ಅಪ್ಪ ಕೇಳುತ್ತಾನೆ, ಕೇಳಿದರೆ ಹೇಳಬಹುದು.

ಸಂದಿಯಲ್ಲಿ ನಿಂತಿದ್ದ ನೀರಿನ ಹನಿಯೊಂದು ಓಬಳೇಶನ ತುಟಿಯ ಮೇಲೆ ಬಿತ್ತು. ಅವನು ನಾಲಿಗೆ ಸವರಿಕೊಂಡ.

“ಉಪ್ಪು!” ಎಂದ.

ಸಂಗೀತಾ ಅಪ್ಪನ ಕಡೆ ಹೊರಳಿದಳು.

“ಉಪ್ಪುಪ್ಪು ಐತಿ. ಥೂ! ಖರೇನ ಉಚ್ಚಿ ಇದು!” ಓಬಳೇಶ ಉಗುಳಿದ. ಸಾಕ್ಷಿ ಸಿಕ್ಕಿತೆಂದು ಅವನಿಗೆ ಒಳಗೊಳಗೇ ಸಂತೋಷವೂ ಆದಂತಿತ್ತು.

ಸ್ವಲ್ಪ ಹೊತ್ತಿಗೆ ಅವನ ಬೆರಳಿಗೆ ಏನೋ ಸಿಕ್ಕಿತು. ಕಪ್ಪಗೆ ಮಿರಮಿರ ಮಿಂಚುವ ಹುಣಸೆ ಬೀಜ, ಬಾಲಕ್ಕೆ ನಾರು. ಅಜ್ಜಿಯ ಕಣ್ಣು ತಪ್ಪಿಸಿ ಉಳಿದದ್ದು. ಈಗಂತೂ ಮುಗಿಯಿತು ಎಂದು ಸಂಗೀತಾ ಕಣ್ಣು ಮುಚ್ಚಿದಳು.

“ನೋಡಿದ್ಯಾ?” ಎಂದ ಅಪ್ಪ. “ಹುಣಿಸಿಕಾಯಿ ಮೇಯ್ಸ್ಯಾನ! ಅದಕ್ಕ ಉಚ್ಚಿ ಅಷ್ಟು ಹುಳಿ ಆಗೈತಿ. ಬೀಜ ಹಿಕ್ಕಿ ಜೋಡಿ ಬಿದ್ದೈತಿ. ಯವ್ವಾ, ಕುರಿ ಹುಣಿಸಿಕಾಯಿ ತಿಂತಾವೋ ಇಲ್ಲೋ?”

“ತಿಂತಾವಪಾ,” ಎಂದಳು ಹೊರಗಿನಿಂದ ಗಾದೆಮ್ಮ. “ಹುಣಿಸಿಕಾಯಿ ಅಂದ್ರ ಜೀವ ಬಿಡ್ತಾವ.”

ಅದು ನಿಜವೇ. ಹೀಗೆ ಸಿಕ್ಕ ಸಾಕ್ಷಿಯೆಲ್ಲ ಕುರಿಗಳ ತಲೆಗೇ ಬಂತು. ಇನ್ನು ಈ ಲೋಕದಲ್ಲಿ ತನ್ನನ್ನು ಯಾರೂ ಹಿಡಿಯಲಾರರು ಎಂದು ಸಂಗೀತಾಳಿಗೆ ಖಾತ್ರಿಯಾಯಿತು. ಆದರೂ ಅವಳಿಗೆ ಹಗುರ ಅನ್ನಿಸಲಿಲ್ಲ. ಇಷ್ಟು ಸಲೀಸಾಗಿ ತಪ್ಪಿಸಿಕೊಂಡದ್ದಕ್ಕೆ ಅವಳಿಗೆ ಅಳು ಬರುವಂತಾಯಿತು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಗಾಡಿಯ ಕೆಳಗಿನಿಂದ ನೋಡಿದರೆ ನಾಲ್ಕು ಕಾಲು. ಎರಡು ದೊಡ್ಡವು, ಬಿರುಕು ಬಿಟ್ಟವು. ಎರಡು ಸಣ್ಣವು, ಅವಳಿಗೆ ಚೆನ್ನಾಗಿ ಗುರುತಿದ್ದವು.

“ಓಬಳೇಶಾ,” ಎಂದ ಯರ್ರೆಪ್ಪ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತೆಂಗಿನ ನಾರು. “ನನ್ ಕುರಿ ತಪ್ಪು ಅಂದ್ರ ನನ್ ತಪ್ಪು. ನಾನ ತಿಕ್ಕಿಕೊಡ್ತೀನಿ, ಸಂಜಿ ಮಟ ಆದ್ರೂ ಸೈ. ಸಂತಿಗೆ ಮಾತ್ರ ಬರಾಂಗಿಲ್ಲ ಅನಬ್ಯಾಡ. ಹುಲುಗೇಶನೂ ಒಲ್ಲೆ ಅಂದ.”

ಓಬಳೇಶ ಬೇಡ ಎನ್ನಲಿಲ್ಲ. ಮಲಗಿದ್ದಲ್ಲಿಂದಲೇ ಸ್ವಲ್ಪ ಸರಿದ. ಯರ್ರೆಪ್ಪ ಕಂಬಳಿ ಬೇವಿನ ಬುಡಕ್ಕಿಟ್ಟು, ತನಗಿಂತ ಹತ್ತು ವರ್ಷ ಚಿಕ್ಕವನ ಗಾಡಿಯ ಕೆಳಗೆ ತೆವಳಿ ಬಂದು, ಕಿತ್ತಳೆ ತುಕ್ಕನ್ನು ತಿಕ್ಕತೊಡಗಿದ. ಪುಡಿ ಅವನ ಬಿಳಿ ಮೀಸೆಯ ಮೇಲೆ ಉದುರಿತು.

ಶಿವಲೀಲಾ ಇನ್ನೊಂದು ಬದಿಯಿಂದ ಬಂದು ಸಂಗೀತಾಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವಳ ಕಣ್ಣು ಕೆಂಪಗಿದ್ದವು. ಪಿಸುದನಿಯಲ್ಲಿ ಕೇಳಿದಳು.

“ಸಂಗೀ, ನಿಂಗ ತುಕ್ಕಿನ ಟೆಸ್ಟಿನ್ಯಾಗ ಹತ್ತಕ್ಕ ಹತ್ತು ಬಂದೈತಲ್ಲ. ನೀ ಹೇಳು. ಖರೇನ ನಮ್ ಕುರಿ ಹಿಂಗ ಮಾಡ್ತಾವೇನು? ನೀ ಹೇಳಿದ್ರ ನಾ ನಂಬ್ತೀನಿ.”

ಅಪ್ಪ ಪಕ್ಕದಲ್ಲೇ ಇದ್ದ. ಅಜ್ಜಿ ಹೊರಗಿದ್ದಳು. ಏನಾದರೂ ಹೇಳಲೇಬೇಕಿತ್ತು.

“ಉಚ್ಚಿನ್ಯಾಗೂ ಉಪ್ಪು ಇರ್ತೈತಿ,” ಎಂದಳು. “ಉಪ್ಪು ಇದ್ರ ತುಕ್ಕು ಬೇಗ ಹಿಡಿತೈತಿ.”

ಒಂದೊಂದು ಶಬ್ದವೂ ಸರಿಯಾಗಿತ್ತು. ಟೀಚರ್ ಕೇಳಿದ್ದರೆ ಸ್ಟಾರ್ ಹಾಕುತ್ತಿದ್ದರು.

ಶಿವಲೀಲಾ ತಲೆ ಆಡಿಸಿದಳು. “ಹಂಗಾದ್ರ ನಮ್ದ ತಪ್ಪು,” ಎಂದಳು. ಅಷ್ಟೇ ಹೇಳಿ, ಲಂಗವನ್ನು ಮೊಣಕಾಲಿಗೆ ಸಿಕ್ಕಿಸಿ, ಎಮರಿ ಪೇಪರಿನ ತುಂಡೊಂದನ್ನು ಎತ್ತಿಕೊಂಡು ಅಪ್ಪನ ಪಕ್ಕ ತೆವಳಿದಳು. ತಂದೆ ಮಗಳು ಇಬ್ಬರೂ ಸೇರಿ ತಿಕ್ಕತೊಡಗಿದರು. ಕರಕರ, ಕರಕರ.

ಸಂಗೀತಾ ಆ ಸದ್ದನ್ನು ಎಷ್ಟು ಹೊತ್ತು ಕೇಳಿದಳೋ ಅವಳಿಗೇ ಗೊತ್ತಿಲ್ಲ. ಬಹಳ ಹೊತ್ತಂತೂ ಅಲ್ಲ.

“ಕುರಿ ಅಲ್ಲ!” ಎಂದು ಚೀರಿದಳು. “ಕುರಿ ಅಲ್ಲ, ನಾನು! ನಾನ ಹುಣಸಿಹಣ್ಣು ಹಚ್ಚಿದ್ದು! ಉಪ್ಪೂ ನಾನ ಹಚ್ಚಿದ್ದು! ನಿನ್ನಿ ಸಂಜಿಮುಂದ ಬೆಳ್ಳಗ ಇತ್ತು, ರಾತ್ರೋರಾತ್ರಿ ಹಿಂಗಾತು!”

ಓಬಳೇಶ ಗಾಬರಿಯಿಂದ ಏಳಲು ಹೋದ. ತಾನು ಎಲ್ಲಿದ್ದೇನೆಂಬುದು ಮರೆತಿತ್ತು. ಹಣೆ ಗಾಡಿಯ ಹೊಟ್ಟೆಗೆ ಠಣ್ಣೆಂದು ಬಡಿಯಿತು.

ಎಲ್ಲರೂ ಹೊರಗೆ ಬಂದರು. ನಾಲ್ವರ ಮುಖವೂ ಒಂದೇ ಬಣ್ಣ. ಓಬಳೇಶ ಹಣೆ ಹಿಡಿದುಕೊಂಡು ಮಗಳನ್ನು ನೋಡಿದ.

“ಹುಣಸಿಹಣ್ಣು ಯಾರು ಹಚ್ಚು ಅಂದ್ರು ನಿಂಗ?”

ಸಂಗೀತಾ ಬಾಯಿ ಬಿಡಲಿಲ್ಲ. ಬೇವಿನ ಮರದಲ್ಲಿ ಹಕ್ಕಿ ಹುಡುಕುತ್ತಿದ್ದ ಗಾದೆಮ್ಮ ಕೊನೆಗೆ ತಲೆ ಇಳಿಸಿದಳು.

“ನಾನ ಅಂದದ್ದು,” ಎಂದಳು. “ಹುಡುಗಿ ಕಬ್ಬಿಣ ಅಂತ ಹೇಳಿದ್ಲು. ನಾನ ಕೇಳಲಿಲ್ಲ.”

ಬೈಯಲು ಬಾಯಿ ತೆರೆದಿದ್ದ ಓಬಳೇಶನಿಗೆ ಈಗ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ತಾಯಿಯನ್ನು ಬೈಯುವಂತಿಲ್ಲ. ಮಗಳು ಆಗಲೇ ಅಳುತ್ತಿದ್ದಳು. ಉಳಿದವನು ಯರ್ರೆಪ್ಪ, ಅವನನ್ನು ಬೆಳಿಗ್ಗೆಯೇ ಬೈದು ಮುಗಿಸಿದ್ದ.

“ಹಂಗಾರ ಮಂಗಳವಾರ ಕುರಿ ತರಬೌದು ಅಂತಾತು,” ಎಂದ ಯರ್ರೆಪ್ಪ, ಮೀಸೆಯ ಪುಡಿ ಒರೆಸುತ್ತ.

“ತರ್ರಿ,” ಎಂದ ಓಬಳೇಶ ನೆಲ ನೋಡುತ್ತ. “ಕೂಡ್ರಿ. ಚಾ ಕುಡದು ಹೋಗ್ರಿ.”

ಬೆಳಿಗ್ಗೆ ಫೋನಿನಲ್ಲಿ ‘ನೀನು’ ಆಗಿದ್ದ ಯರ್ರೆಪ್ಪ ಈಗ ‘ನೀವು’ ಆಗಿದ್ದ. ಓಬಳೇಶನ ‘ಸಾರಿ’ ಎಂದರೆ ಅಷ್ಟೇ, ಅದಕ್ಕಿಂತ ಹೆಚ್ಚಿನದನ್ನು ಅವನಿಂದ ಯಾರೂ ಈವರೆಗೆ ಕೇಳಿದ್ದಿಲ್ಲ.

“ಹುಲುಗೇಶಗೂ ಒಂದು ಮಾತು ಹೇಳಿಬಿಡಪಾ,” ಎಂದ ಯರ್ರೆಪ್ಪ. “ಅವ ಊರಿಗೆಲ್ಲ ಹೇಳ್ಯಾನ.”

ಓಬಳೇಶ ಫೋನ್ ಹಚ್ಚಿದ. “ಹಲೋ ಹುಲುಗೇಶಾ, ಅದು ಕುರಿದಲ್ಲಂತ ಮಾರಾಯಾ. ಹೂಂ... ಇಲ್ಲ, ಇಲ್ಲ... ಏನೋ ಕೆಮಿಕಲ್ ಪ್ರಾಬ್ಲಮ್ ಅಂತ... ಕಂಪನಿಯವರೇ ಸರಿ ಮಾಡಿಲ್ಲೇನೋ...”

ಈಗ ತಪ್ಪು ಕುರಿಯ ತಲೆಯಿಂದ ಇಳಿದು ಕಂಪನಿಯ ತಲೆಗೆ ಹತ್ತುತ್ತಿತ್ತು. ಸಂಗೀತಾ ಕಣ್ಣೊರೆಸಿಕೊಂಡು ಕೈ ಚಾಚಿದಳು. ಅಪ್ಪ ಫೋನ್ ಕೊಟ್ಟ, ಯಾಕೆ ಕೊಟ್ಟನೆಂದು ಅವನಿಗೂ ಗೊತ್ತಾಗಲಿಲ್ಲ.

“ಮಾಮಾ, ನಾನು ಸಂಗೀತಾ. ಗಾಡಿಗೆ ನಾನು ಉಪ್ಪು ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಅದಕ್ಕ ತುಕ್ಕು ಬಂದೈತಿ. ಕುರಿದೇನೂ ಇಲ್ಲ.”

ಆ ಕಡೆ ಹುಲುಗೇಶ ನಕ್ಕ ನಗು ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. “ಸಾರಿಗೆ ಒಗ್ಗರಣಿನೂ ಹಾಕಬೇಕಿತ್ತಲ್ಲವಾ!” ಎಂದ. ಸಂಜೆಯೊಳಗೆ ಇಡೀ ಇಟ್ಟಿಗಿಗೆ ಇದು ಗೊತ್ತಾಗುತ್ತದೆ ಎಂದು ಸಂಗೀತಾಳಿಗೆ ಗೊತ್ತಿತ್ತು. ಕಿವಿ ಬಿಸಿಯಾದವು. ಫೋನ್ ವಾಪಸ್ ಕೊಟ್ಟಳು.

ಜಂಬುನಾಥನನ್ನು ಕೇಳಿದರೆ ಅವನೂ ನಕ್ಕ. ನಕ್ಕು ಸಾಕಾದ ಮೇಲೆ, “ಮೊದಲು ಸ್ವಚ್ಛ ನೀರಿಲೆ ತೊಳದು ಉಪ್ಪು ಬಿಡಸ್ರಿ. ನೀರು ಹಾಕಿದ ಕೂಡ್ಲೇ ಒರಸ್ರಿ, ನಿಲ್ಲಾಕ ಬಿಡಬ್ಯಾಡ್ರಿ. ಒಣಗಿದ ಮ್ಯಾಲೆ ತಿಕ್ಕಿ ಬಣ್ಣ ಹಚ್ರಿ,” ಎಂದ. ಚಹಾ ಕುಡಿದ ಯರ್ರೆಪ್ಪ ಹೊರಟುಹೋಗಬಹುದಿತ್ತು. ಹೋಗಲಿಲ್ಲ. “ಉಚ್ಚಿ ಹೊಯ್ಯೋದಂತೂ ಹೊಯ್ತಾವಲ್ಲ,” ಎಂದು ಮತ್ತೆ ಗಾಡಿಯ ಕೆಳಗೆ ಮಲಗಿದ. ಶಿವಲೀಲಾಳೂ ತಿಕ್ಕಿದಳು, ಆದರೆ ಸಂಗೀತಾಳ ಕಡೆ ತಿರುಗಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ರೆಡ್ ಆಕ್ಸೈಡ್ ಒಂದು ಕೈ ಬಿತ್ತು, ನಸುಕಿನಲ್ಲಿ ಕರಿಬಣ್ಣ.

ಸೋಮವಾರ ಹೊಸಪೇಟೆಯಲ್ಲಿ ಗಾಡಿ ಪಾಸಾಯಿತು. ಇನ್ಸ್‌ಪೆಕ್ಟರ್ ಕೆಳಗೆ ಬಗ್ಗಿ ನೋಡಿ ತಲೆಯಾಡಿಸಿದರಂತೆ. ಅವರು ತಕರಾರು ತೆಗೆದದ್ದು ಮೇಲ್ಗಡೆ. ಕಣ್ಣು ಅಳಿಸು, ಗೊಂಡೆ ಬಿಚ್ಚು, ಆ ಹಾರನ್ ಕಿತ್ತುಹಾಕು ಎಂದರಂತೆ. ಬೋಳು ಮುಖದ ಗಾಡಿ ಹೊಡೆದುಕೊಂಡು ಬಂದ ಓಬಳೇಶ ಎರಡು ತಾಸು ಯಾರೊಂದಿಗೂ ಮಾತಾಡಲಿಲ್ಲ.

ಅದೇ ದಿನ ಶಾಲೆಯಲ್ಲಿ ಹುಡುಗರು ಸಂಗೀತಾಳನ್ನು ‘ಹುಣಸಿಹಣ್ಣು’ ಎಂದು ಕರೆದರು. ಅದನ್ನು ಹೇಗೋ ಸಹಿಸಬಹುದಿತ್ತು. ಶಿವಲೀಲಾ ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತದ್ದನ್ನು ಸಹಿಸಲಾಗಲಿಲ್ಲ.

ಮಂಗಳವಾರ ನಸುಕಿಗೇ ಸಂಗೀತಾ ಅಪ್ಪನ ಜೊತೆ ಯರ್ರೆಪ್ಪನ ಹಟ್ಟಿಗೆ ಬಂದಳು. ಗಾಡಿಯ ಹಲಗೆಯ ಮೇಲೆ ಓಬಳೇಶ ಹೊಸ ಪ್ಲಾಸ್ಟಿಕ್ ತಾಡಪತ್ರಿ ಹಾಸಿದ್ದ. ಕುರಿಗಳನ್ನು ಒಂದೊಂದಾಗಿ ಎತ್ತಿ ಹತ್ತಿಸಿದರು. ಹತ್ತಿದ ಮೊದಲ ಟಗರು ಎಲ್ಲರನ್ನೂ ಒಮ್ಮೆ ನೋಡಿ, ತಾಡಪತ್ರಿಯ ಮೇಲೆ ಸಾವಕಾಶವಾಗಿ ಹೊಯ್ದಿತು. ಓಬಳೇಶ ಆಕಾಶ ನೋಡಿದ. ಯರ್ರೆಪ್ಪ ಕೆಮ್ಮಿದ.

ಶಿವಲೀಲಾ ಒಂದು ಮರಿಯನ್ನು ತಬ್ಬಿಕೊಂಡು ನಿಂತಿದ್ದಳು. ಸಂಗೀತಾ ಅದರ ಹಿಂಗಾಲು ಹಿಡಿದುಕೊಂಡಳು. ಇಬ್ಬರೂ ಸೇರಿ ಎತ್ತಿ ಗಾಡಿಗೆ ಬಿಟ್ಟರು.

“ಸಾರಿ,” ಎಂದಳು ಸಂಗೀತಾ.

ಶಿವಲೀಲಾ ಲಂಗಕ್ಕೆ ಹತ್ತಿದ್ದ ಉಣ್ಣೆಯ ಎಳೆ ಬಿಡಿಸಿದಳು.

“ಹುಣಸಿಹಣ್ಣು ಹಚ್ಚಿದ್ದಕ್ಕ ನಂಗ ಸಿಟ್ಟಿಲ್ಲ,” ಎಂದಳು ಆಮೇಲೆ. “ಅದು ಗೊತ್ತಿಲ್ಲದ ಮಾಡಿದ್ದು. ಆದ್ರ ನಾ ಕೇಳಿದಾಗ ನೀ ಉಚ್ಚಿನ್ಯಾಗ ಉಪ್ಪು ಇರ್ತೈತಿ ಅಂದ್ಯಲ್ಲ, ಅದು ಸುಳ್ಳೇನು?”

“ಸುಳ್ಳಲ್ಲ. ಖರೇನ ಇರ್ತೈತಿ.”

“ಮತ್ತ ಅದ ಯಾಕ ನಂಗ ಅಷ್ಟು ಬ್ಯಾಸರ ಆಗೈತಿ?”

ಗೊತ್ತಿಲ್ಲ ಎನ್ನಲು ಸಂಗೀತಾ ಬಾಯಿ ತೆರೆದಳು. ಆದರೆ ಅವಳಿಗೆ ಗೊತ್ತಿತ್ತು.

“ನೀ ಉಪ್ಪಿಂದು ಕೇಳಿರಲಿಲ್ಲ,” ಎಂದಳು. “ನೀ ಬ್ಯಾರೆ ಕೇಳಿದ್ದಿ. ನೀ ಏನು ಕೇಳಾಕ ಹತ್ತೀಯ ಅಂತ ನಂಗ ಆವಾಗ್ಲೇ ಗೊತ್ತಿತ್ತು.”

ಶಿವಲೀಲಾ “ಹೂಂ” ಎಂದಳು. ಹಿಂದೆ ಇನ್ನೂ ಒಂಬತ್ತು ಕುರಿ ನಿಂತಿದ್ದವು. ಶಿವಲೀಲಾ ಮುಂದಿನದರ ಕೊರಳು ಹಿಡಿದಳು, ಸಂಗೀತಾ ಮತ್ತೆ ಹಿಂಗಾಲು ಹಿಡಿದಳು.